ಲೀಶ್ ಪ್ಲಗ್ ಕೂರಿಸಲು ಯಾವುದು ಒಳ್ಳೆಯದು? ಬೋಟಿನ ರೆಸಿನ್, ಐದು ನಿಮಿಷದ ಅಂಟು, ನಿಧಾನದ ಎಪಾಕ್ಸಿ

ಮೇ ತಿಂಗಳಲ್ಲಿ ಸಸಿಹಿತ್ಲುವಿನಲ್ಲಿ ಅಲೆ ದೊಡ್ಡದಾಗುವ ಹೊತ್ತಿಗೆ ನನ್ನ ಸರ್ಫ್ ಬೋರ್ಡಿನ ಲೀಶ್ ಪ್ಲಗ್, ಅಂದರೆ ಕಾಲಿಗೂ ಬೋರ್ಡಿಗೂ ನಡುವಿನ ಹಗ್ಗ ಕಟ್ಟುವ ಸಣ್ಣ ಬಟ್ಟಲು, ಬುಡಸಮೇತ ಕಿತ್ತು ಬಂತು. ಬೋರ್ಡು ಅಲೆಯ ಜೊತೆ ದಡಕ್ಕೆ ಹೋಯಿತು, ನಾನು ಈಜಿ ಬಂದೆ. ಅಲ್ಲಿಂದ ಇಲ್ಲಿಯವರೆಗೆ ಉಡುಪಿಯ ಮನೆಯಲ್ಲೇ ಮೂರು ಪ್ಲಗ್ ಕೂರಿಸಿದ್ದೇನೆ, ಮೂರಕ್ಕೂ ಬೇರೆ ಬೇರೆ ಅಂಟು.

ಮೊದಲು ಒಳಗಿನ ಫೋಮ್ ಯಾವುದೆಂದು ನೋಡಿ. ಸ್ವಲ್ಪ ಹಳದಿಗೆ ತಿರುಗಿ, ನುಣ್ಣಗಿದ್ದರೆ ಸಾಮಾನ್ಯವಾಗಿ ಪಿಯು (ಪಾಲಿಯುರೆಥೇನ್). ಬಿಳಿ ಮಣಿಮಣಿಯಾಗಿ ಥರ್ಮಾಕೋಲ್ ಥರ ಇದ್ದರೆ ಇಪಿಎಸ್ (ಪಾಲಿಸ್ಟೈರೀನ್). ಇಪಿಎಸ್ ಬೋರ್ಡಿಗೆ ಬೋಟಿನ ಪಾಲಿಯೆಸ್ಟರ್ ರೆಸಿನ್ (ಫೈಬರ್ ಬೋಟಿಗೆ ಹಚ್ಚುವ, ಗಟ್ಟಿಯಾಗುವ ರಾಳ) ಹಾಕಲೇಬೇಡಿ, ಅದರಲ್ಲಿರುವ ಸ್ಟೈರೀನ್ ಫೋಮನ್ನೇ ಕರಗಿಸುತ್ತದೆ. ಎಪಾಕ್ಸಿಯಾದರೆ ಎರಡಕ್ಕೂ ಆಗುತ್ತದೆ.

ಐದು ನಿಮಿಷದ ಅಂಟಿನ ಬಗ್ಗೆ ಜಾಸ್ತಿ ಹೇಳಲಿಕ್ಕಿಲ್ಲ. ಎರಡು ಟ್ಯೂಬ್ ಕಲಸಿ ಹಚ್ಚಿದೆ, ಸಂಜೆಗೆ ಕಲ್ಲಿನಂತಾಯಿತು. ಮೂರನೇ ವಾರಕ್ಕೆ ಪ್ಲಗ್ ಅಲುಗಾಡತೊಡಗಿತು. ಈ ಬಗೆಯ ಅಂಟು ನೀರಲ್ಲಿ ನೆನೆದು, ಬಿಸಿಲಲ್ಲಿ ಕಾದರೆ ಮೆತ್ತಗಾಗುತ್ತದೆ. ನಮ್ಮ ಬೋರ್ಡಿಗೆ ದಿನಾ ಎರಡೂ ಇದೆ, ಅಲ್ವಾ?

ಬೋಟಿನ ರೆಸಿನ್ ಮಲ್ಪೆಯಿಂದ ತಂದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ರಜೆ, ಬೋಟುಗಳೆಲ್ಲ ರಿಪೇರಿಗೆ ನಿಂತಿರುತ್ತವೆ, ಹಾಗಾಗಿ ಫೈಬರ್ ಕೆಲಸ ಕಣ್ಣಾರೆ ನೋಡಿ ಕಲಿಯಲು ಅದೇ ಒಳ್ಳೆಯ ಸಮಯ. ಈ ರೆಸಿನ್ ಗಟ್ಟಿಯಾಗಲು ಕ್ಯಾಟಲಿಸ್ಟ್, ಅದರ ಕೆಲಸ ಚುರುಕಾಗಲು ಕೋಬಾಲ್ಟ್ ದ್ರಾವಣ, ಎರಡೂ ಬೇಕು. ಕೆಲಸದ ಅಣ್ಣನೊಬ್ಬರು ಒಂದು ಮಾತನ್ನು ಎರಡು ಸಲ ಹೇಳಿದರು: "ಕೋಬಾಲ್ಟನ್ನೂ ಕ್ಯಾಟಲಿಸ್ಟನ್ನೂ ನೇರ ಬೆರೆಸಬೇಡಿ ಮಾರಾಯ್ರೆ, ಬೆಂಕಿ ಹತ್ತುತ್ತದೆ." ಮೊದಲು ಕೋಬಾಲ್ಟ್ ಹಾಕಿ ರೆಸಿನಿಗೆ ಪೂರ್ತಿ ಕಲಸಬೇಕು, ಆಮೇಲೆ ಕ್ಯಾಟಲಿಸ್ಟ್. ನಮ್ಮ ಸೆಕೆಗೆ ಕ್ಯಾಟಲಿಸ್ಟ್ ನೂರಕ್ಕೆ ಒಂದು ಪಾಲು ಸಾಕು. ನಾನು ಕೈ ಸಡಿಲ ಬಿಟ್ಟು ಜಾಸ್ತಿ ಸುರಿದೆ, ಲೋಟ ಹಿಡಿಯಲಾಗದಷ್ಟು ಬಿಸಿಯಾಯಿತು. ಪ್ಲಗ್ ಗಟ್ಟಿ ಕೂತಿತು ನಿಜ, ಒಂದೇ ಗಂಟೆಯಲ್ಲಿ ಉಜ್ಜಲೂ ಆಯಿತು, ಖರ್ಚೂ ಮೂರರಲ್ಲಿ ಕಡಿಮೆ. ಆದರೆ ಪಾಲಿಯೆಸ್ಟರ್ ಒಣಗುವಾಗ ಕುಗ್ಗುತ್ತದೆ, ಪ್ಲಗ್ಗಿನ ಸುತ್ತ ಕೂದಲೆಳೆಯಷ್ಟು ಬಿರುಕು ಬಿತ್ತು. ನೀರು ಇಳಿಯಲು ಅಷ್ಟೇ ಸಾಕು. ವಾಸನೆಯಂತೂ ಎರಡು ದಿನ ಮನೆ ಬಿಡಲಿಲ್ಲ.

ಮೂರನೆಯದು ನಿಧಾನದ ಎಪಾಕ್ಸಿ. ನನ್ನ ಡಬ್ಬಿಯ ಮೇಲೆ ಎರಡು ಪಾಲು ರೆಸಿನಿಗೆ ಒಂದು ಪಾಲು ಹಾರ್ಡ್ನರ್ (ಅದನ್ನು ಗಟ್ಟಿಯಾಗಿಸುವ ದ್ರವ) ಎಂದಿತ್ತು. ನಿಮ್ಮದರಲ್ಲಿ ಬೇರೆ ಇರಬಹುದು, ಓದಿಯೇ ಅಳೆಯಿರಿ. ಹಾರ್ಡ್ನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುವುದಿಲ್ಲ, ಸುಮ್ನೆ ಅಂಟಂಟಾಗಿಯೇ ಉಳಿಯುತ್ತದೆ. ಗುಂಡಿಯನ್ನು ಪ್ಲಗ್ಗಿಗಿಂತ ಎರಡು ಮಿಲಿಮೀಟರ್ ಅಗಲ ಮಾಡಿದೆ, ಪ್ಲಗ್ಗಿನ ಹೊರಮೈಯನ್ನು 80 ನಂಬರಿನ ಸ್ಯಾಂಡ್ ಪೇಪರಿನಲ್ಲಿ ಒರಟು ಮಾಡಿದೆ, ಪ್ಲಗ್ಗಿನ ಬಾಯಿಗೆ ಟೇಪ್ ಅಂಟಿಸಿದೆ. ಟೇಪ್ ಮರೆತರೆ ಹಗ್ಗ ಕಟ್ಟುವ ಕಂಬಿಯೇ ಒಳಗೆ ಹೂತುಹೋಗುತ್ತದೆ. ಫೈಬರ್ ಮ್ಯಾಟಿನ (ಗಾಜಿನ ನಾರಿನ ಹಾಸು) ಎಳೆಗಳನ್ನು ಸಣ್ಣಗೆ ಕತ್ತರಿಸಿ ಎಪಾಕ್ಸಿಗೆ ಬೆರೆಸಿ ತುಂಬಿದೆ. ಮಳೆಯ ತೇವಕ್ಕೆ ಮೇಲೆ ಮೇಣದಂಥ ಜಿಡ್ಡು ಬಂತು, ಮರುದಿನ ನೀರಲ್ಲಿ ತೊಳೆದು ಆಮೇಲೆ ಉಜ್ಜಿದೆ. ಒಂದು ವಾರ ಕಡಲಿಗೆ ಇಳಿಸಲಿಲ್ಲ.

ಮೂರಕ್ಕೂ ಒಂದು ಕಷ್ಟ ಸಮಾನ. ಉಪ್ಪುನೀರು ಕುಡಿದ ಫೋಮ್ ಇಲ್ಲಿ ಬೇಗ ಒಣಗುವುದಿಲ್ಲ. ಸಿಹಿನೀರಲ್ಲಿ ತೊಳೆದು, ಗುಂಡಿ ಕೆಳಮುಖ ಮಾಡಿ, ಫ್ಯಾನಿನ ಕೆಳಗೆ ಐದು ದಿನ ಇಟ್ಟೆ. ಒದ್ದೆಯ ಮೇಲೆ ಯಾವ ಅಂಟೂ ನಿಲ್ಲದು.

ಅವಸರಕ್ಕೆ, ಅದೂ ಪಿಯು ಬೋರ್ಡಿಗೆ ಮಾತ್ರ, ಬೋಟಿನ ರೆಸಿನ್ ಆಗಬಹುದು. ನನ್ನ ಬೋರ್ಡಿಗೆ ಇನ್ನು ನಿಧಾನದ ಎಪಾಕ್ಸಿಯೇ. ಸೆಪ್ಟೆಂಬರಿನಿಂದ ಮುಲ್ಕಿಯಲ್ಲಿ ಅದರಲ್ಲೇ ಆಡುತ್ತಿದ್ದೇನೆ, ಅಂಚಿನಲ್ಲಿ ಉಗುರು ಹಾಕಿ ನೋಡಿದರೂ ಎಲ್ಲೂ ಸಂದಿ ಸಿಗಲಿಲ್ಲ.