ಚಳಿಗಾಲದ ಗ್ರೀನ್‌ಹೌಸ್‌ಗೆ ಬೆಳೆ ತ್ಯಾಜ್ಯದ ಶಾಖ: ಹುಲ್ಲಿನ ಬಾಯ್ಲರ್, ಪೆಲೆಟ್, ಗೊಬ್ಬರದ ರಾಶಿ, ಬಯೋಗ್ಯಾಸ್

ಒಂದೇ ಗ್ರೀನ್‌ಹೌಸ್‌ಗೆ ಈ ನಾಲ್ಕೂ ರೀತೀಲಿ ಶಾಖ ಕೊಟ್ಟು ನೋಡಿದೀನಿ. ಎಲ್ಲರೂ ಮೊದಲು ಕೇಳೋದು ಯಾವುದ್ರಲ್ಲಿ ಶಾಖ ಜಾಸ್ತಿ ಅಂತ. ಚೆನ್ನಾಗಿ ಒಣಗಿದ್ರೆ ಹುಲ್ಲಾಗ್ಲಿ ದಂಟಾಗ್ಲಿ ಕೆಜಿಗೆ ಹತ್ತಿರ ಹತ್ತಿರ 4 ಯೂನಿಟ್ (ಕರೆಂಟ್ ಬಿಲ್ಲಿನ ಯೂನಿಟ್ಟೇ, kWh) ಶಾಖ ಇದ್ದೇ ಇರತ್ತೆ, ಅಂದ್ರೆ ಎರಡೂವರೆ ಕೆಜಿ ಹುಲ್ಲು ಒಂದು ಲೀಟರ್ ಡೀಸೆಲ್‌ಗೆ ಸಮ. ಕಷ್ಟ ಇರೋದು ಆ ಶಾಖಾನ ಬೆಳಗಿನ ಜಾವ ಚಳಿ ಜೋರಾಗಿರೋವಾಗ, ಯಾರೂ ನಿದ್ದೆಗೆಟ್ಟು ಕೂರದೆ, ಗಿಡದ ಬುಡಕ್ಕೆ ಮುಟ್ಟಿಸೋದ್ರಲ್ಲಿ.

ಹುಲ್ಲಿನ ಬಾಯ್ಲರ್ ಖರ್ಚಿಗೆ ಎಲ್ಲಕ್ಕಿಂತ ಕಮ್ಮಿ, ಏನು ಹಾಕಿದ್ರೂ ಉರಿಯತ್ತೆ. ಆದ್ರೆ ಧಗ್ ಅಂತ ಹತ್ತಿ ಅಷ್ಟೇ ಬೇಗ ಆರಿ ಹೋಗತ್ತೆ, ಅದಕ್ಕೆ ನೀರಿನ ಟ್ಯಾಂಕ್ ಇಲ್ಲದೆ ಇದನ್ನ ಹಾಕೋದೇ ಬೇಡ. 1000 ಲೀಟರ್ ನೀರು 40 ಡಿಗ್ರಿಯಿಂದ 80ಕ್ಕೆ ಏರಿದ್ರೆ ಸುಮಾರು 46 ಯೂನಿಟ್ ಶಾಖ ಹಿಡಿದಿಟ್ಕೊಳತ್ತೆ, ಸಂಜೆ ಕಾಯಿಸಿಟ್ರೆ ರಾತ್ರಿಯೆಲ್ಲ ಪೈಪಲ್ಲಿ ನಿಧಾನಕ್ಕೆ ಬಿಡಬಹುದು.

ಇದರ ದೊಡ್ಡ ತಲೆನೋವು ಬೂದಿ. ಕಟ್ಟಿಗೇಲಿ ಬೂದಿ ಶೇ. 1ರ ಆಸುಪಾಸು, ಗೋಧಿ ಹುಲ್ಲಲ್ಲಿ 5–6, ಭತ್ತದ ಹುಲ್ಲಲ್ಲಿ 15 ದಾಟತ್ತೆ. ಹುಲ್ಲಲ್ಲಿ ಪೊಟ್ಯಾಷ್ ಜಾಸ್ತಿ ಇರೋದ್ರಿಂದ ಬೂದಿ 800–900 ಡಿಗ್ರಿಗೇ ಕರಗೋಕೆ ಶುರುವಾಗಿ ಜಾಲರಿ ಮೇಲೆ ಕಿಟ್ಟ ಕಟ್ಟತ್ತೆ. ಬೆಳಿಗ್ಗೆ ಬಾಗಿಲು ತೆಗೆದು ನೋಡಿದ್ರೆ ಬೂದು ಬಣ್ಣದ ಹೆಂಟೆಗಳು, ಮೈಯೆಲ್ಲ ಸಣ್ಣ ಸಣ್ಣ ತೂತು, ಸರಳಲ್ಲಿ ಬಡಿದ್ರೆ ಗಾಜು ಒಡೆದ ಥರ ಸದ್ದು. ಕೊಯ್ಲಾದ ಮೇಲೆ ಹುಲ್ಲನ್ನ ಒಂದೆರಡು ಮಳೆಗೆ ಹೊಲದಲ್ಲೇ ಬಿಟ್ಟು ಆಮೇಲೆ ಒಣಗಿಸಿ ಕಟ್ಟಿಟ್ರೆ ಪೊಟ್ಯಾಷ್, ಕ್ಲೋರಿನ್ ಎರಡೂ ತೊಳೆದು ಹೋಗಿ ಕಿಟ್ಟ ಎಷ್ಟೋ ಕಮ್ಮಿಯಾಗತ್ತೆ, ಬಾಯ್ಲರ್ ತುಕ್ಕು ಹಿಡಿಯೋದೂ ನಿಧಾನ ಆಗತ್ತೆ. ಇನ್ನೊಂದು, ಹೊಗೆ ಮಾತ್ರ ಒಳಗೆ ಒಂಚೂರೂ ನುಗ್ಗಬಾರದು, ಅದರಲ್ಲಿರೋ ಎಥಿಲೀನ್ ಅನ್ನೋ ಅನಿಲಕ್ಕೆ ಟೊಮೇಟೊ ಎಲೆ ಜೋತು ಬಿದ್ದು ಹೂವೆಲ್ಲ ಉದುರತ್ತೆ.

ಪೆಲೆಟ್ ಅಂದ್ರೆ ಅದೇ ತ್ಯಾಜ್ಯಾನ ಪುಡಿ ಮಾಡಿ ಒತ್ತಿರೋದು. ಒಂದು ಘನ ಮೀಟರ್ ಜಾಗದಲ್ಲಿ ಹುಲ್ಲಿನ ಪೆಂಡಿ 100–150 ಕೆಜಿ ಹಿಡಿದ್ರೆ ಪೆಲೆಟ್ 600 ಕೆಜಿಗೂ ಮೇಲೆ ಹಿಡಿಯತ್ತೆ. ಥರ್ಮೋಸ್ಟಾಟ್ ಹೇಳಿದಾಗ ಸ್ಕ್ರೂ ತಿರುಗಿ ಪೆಲೆಟ್ ತಾನೇ ಬಾಯ್ಲರ್‌ಗೆ ತುಂಬ್ಕೊಳತ್ತೆ, ರಾತ್ರಿ ಏಳೋ ಕೆಲಸ ಇಲ್ಲ. ಕರೆಂಟ್ ಹೋದ್ರೆ ನಿಂತೇ ಬಿಡತ್ತೆ, ಬ್ಯಾಟರಿ ಬೇಕೇ ಬೇಕು, ಒದ್ದೆ ತಾಗಿದ್ರೆ ಪೆಲೆಟ್ ಉಬ್ಬಿ ಪುಡಿಯಾಗತ್ತೆ. ಇಷ್ಟಿದ್ರೂ ರಾತ್ರಿಯ ಗಾಳಿ ಬೆಚ್ಚಗಿಡೋಕೆ ನಾನು ಇಟ್ಕೊಂಡಿರೋದು ಇದನ್ನೇ.

ಗೊಬ್ಬರದ ರಾಶಿ ಮೇಲೆ ನನಗೆ ತುಂಬಾ ಪ್ರೀತಿ. ಫ್ರಾನ್ಸ್‌ನ ಝಾನ್ ಪ್ಯಾಂ 1970ರ ದಶಕದಲ್ಲಿ ಕಾಡಿನ ಪೊದೆ ಕಡ್ಡಿ ಪುಡಿ ಮಾಡಿ ರಾಶಿ ಹಾಕಿ, ಒಳಗೆ ಪೈಪ್ ಸುತ್ತಿ ಬಿಸಿನೀರು ತೆಗೆದಿದ್ರು. ಅದೇ ದಾರೀಲಿ ದಂಟಿನ ಪುಡಿಗೆ ಸಗಣಿ ಬೆರೆಸಿ, ಇಂಗಾಲ–ಸಾರಜನಕ 30ಕ್ಕೆ 1ರ ಹತ್ರ ತಂದು, ಹಿಂಡಿದ್ರೆ ಬೆರಳ ಸಂದೀಲಿ ಒಂದೆರಡು ಹನಿ ಬರೋ ಅಷ್ಟು ನೀರು ಹಾಕಿದ್ರೆ ರಾಶಿ ಕೊಳೆಯೋವಾಗ ನಡುಭಾಗ 55–65 ಡಿಗ್ರಿಗೆ ಏರತ್ತೆ. ಬೆಂಕಿ ಇಲ್ಲ, ಹೊಗೆ ಇಲ್ಲ, ಕೊನೆಗೆ ಗೊಬ್ಬರಾನೂ ಸಿಗತ್ತೆ. ಆದ್ರೆ ಆತುರಪಟ್ಟು ಜೋರಾಗಿ ನೀರು ಓಡಿಸಿದ್ರೆ ಒಳಗಿನ ಸೂಕ್ಷ್ಮಜೀವಿಗಳೇ ತಣ್ಣಗಾಗಿ ರಾಶಿ ಮಲಗಿಬಿಡತ್ತೆ. ಇಡೀ ಗ್ರೀನ್‌ಹೌಸ್‌ಗೆ ಸಾಲಲ್ಲ, ಸಸಿ ಟ್ರೇ ಕೆಳಗೆ ಪೈಪ್ ಹಾಸಿ ಬೇರಿಗೆ 20 ಡಿಗ್ರಿ ಕೊಡೋಕೆ ಮಾತ್ರ ಇದನ್ನ ಮೀರಿಸೋದು ಬೇರೆ ಇಲ್ಲ.

ಬಯೋಗ್ಯಾಸ್ ಚಳಿಗಾಲದ ಶಾಖಕ್ಕೆ ನಾನು ಯಾರಿಗೂ ಹೇಳಲ್ಲ. ಡೈಜೆಸ್ಟರ್‌ಗೇ (ತ್ಯಾಜ್ಯ ಕೊಳೆತು ಗ್ಯಾಸ್ ಆಗೋ ತೊಟ್ಟಿ) 35–37 ಡಿಗ್ರಿ ಬೇಕು, 15ರ ಕೆಳಗೆ ಹೋದ್ರೆ ಗ್ಯಾಸ್ ಹೆಚ್ಚುಕಮ್ಮಿ ನಿಂತಂಗೇ, ನಮಗೆ ಬೇಕಾದ ಕಾಲಕ್ಕೇ ಕೈ ಕೊಡತ್ತೆ. ಹುಲ್ಲು ಬೇರೆ ಮೇಲೆ ತೇಲಿ ಕೆನೆಗಟ್ಟತ್ತೆ. ಹಸಿ ತ್ಯಾಜ್ಯ, ಸಗಣಿ ಯಥೇಚ್ಛ ಇದ್ದು ತೊಟ್ಟಿಗೆ ಒಳ್ಳೆ ಇನ್ಸುಲೇಷನ್ ಮಾಡೋರಿಗೆ ಮಾತ್ರ ಸರಿ.

ಮತ್ತೆ, ಇವುಗಳಲ್ಲಿ ಯಾವುದನ್ನೇ ಕೊಳ್ಳೋ ಮುಂಚೆ ಪ್ಲಾಸ್ಟಿಕ್ ಶೀಟ್ ಎರಡು ಪದರ ಮಾಡಿ ನಡುವೆ ಗಾಳಿ ತುಂಬಿಸಿ, ಶಾಖ ಸೋರೋದು ಮೂರನೇ ಒಂದರಷ್ಟು ಇಳಿಯತ್ತೆ, ಆಮೇಲೆ ಬಾಯ್ಲರ್ ಸೈಜ್ ಲೆಕ್ಕ ಹಾಕಿ.