ಸ್ಟೀಲ್ ಪಟ್ಟಿಯ ಮಸಾಜ್: 14 ತಿಂಗಳು ಬಳಸಿದ ಮೇಲೆ

ಬೆಳಗ್ಗೆ ಎದ್ದು ಮೊದಲ ಹತ್ತು ಹೆಜ್ಜೆ ಹಾಕೋದೇ ಕಷ್ಟವಾಗಿತ್ತು. ಬಲಗಾಲಿನ ಹಿಮ್ಮಡಿಯ ಮೇಲೆ, ಮೀನಖಂಡವನ್ನು ಹಿಮ್ಮಡಿಗೆ ಸೇರಿಸುವ ಅಕಿಲಿಸ್ ಟೆಂಡನ್ (ಸ್ನಾಯುರಜ್ಜು) ಇರುವ ಜಾಗ ಹಗ್ಗ ಹುರಿ ಮಾಡಿದ ಹಾಗೆ ಬಿಗಿದಿರುತ್ತಿತ್ತು. ನಾನು ವಾರಕ್ಕೆ ನಾಲ್ಕು ದಿನ ಕಬ್ಬನ್ ಪಾರ್ಕಿನಲ್ಲಿ ಓಡುತ್ತೇನೆ. ಓಟ ಬಿಡೋಕೆ ಮನಸ್ಸಿರಲಿಲ್ಲ. ಹಾಗಾಗಿ ಫಿಸಿಯೋ ಹತ್ತಿರ ಹೋಗಿ ಈ ಸ್ಟೀಲ್ ಪಟ್ಟಿಯ ಮಸಾಜ್ ಶುರುಮಾಡಿದೆ.

ಈ ಬಗೆಯ ಮಸಾಜ್‌ನಲ್ಲಿ ಗ್ರಾಸ್ಟನ್ ಅನ್ನೋ ಹೆಸರು ನೀವೂ ಕೇಳಿರಬಹುದು. ಚರ್ಮವನ್ನು ಹೀಗೇ ಕೆರೆಯುವ ಚೀನಾದವರ ಗ್ವಾ ಶಾ ಪದ್ಧತಿ ಅದಕ್ಕಿಂತ ತುಂಬಾ ಹಳೆಯದು. ಚರ್ಮಕ್ಕೆ ಎಣ್ಣೆಯೋ ಕ್ರೀಮೋ ಸವರಿ, ಪಟ್ಟಿಯನ್ನು ಓರೆಯಾಗಿ ಹಿಡಿದು ಮೀನಖಂಡದ ಉದ್ದಕ್ಕೂ ಎಳೆಯುತ್ತಾರೆ. ಬಿಗಿ ಇರುವ ಕಡೆ ಮರಳಿನ ಮೇಲೆ ಎಳೆದ ಹಾಗೆ ಗರಗರ ಅನ್ನುತ್ತೆ. ಅದು ಕೈಗೂ ಗೊತ್ತಾಗುತ್ತೆ, ಕಾಲಿಗೂ ಗೊತ್ತಾಗುತ್ತೆ.

ಮೊದಲು ಹೋದ ಕ್ಲಿನಿಕ್‌ನಲ್ಲಿ ಹಲ್ಲು ಕಚ್ಚಿಕೊಂಡು ಕೂರುವಷ್ಟು ಒತ್ತಿದರು. ಮರುದಿನ ಮೀನಖಂಡವೆಲ್ಲ ನೀಲಿಗಟ್ಟಿ, ಐದು ದಿನ ಓಡೋಕಾಗಲಿಲ್ಲ. ನೋವಾದಷ್ಟೂ ಒಳ್ಳೆಯದು ಅಂದರು. ನಾನು ಒಪ್ಪಲ್ಲ. ಈಗಿನ ಫಿಸಿಯೋ ಒಂದೊಂದು ಜಾಗಕ್ಕೆ ಒಂದೆರಡು ನಿಮಿಷ ಮಾತ್ರ, ಹದವಾಗಿ ಮಾಡುತ್ತಾರೆ. ಚರ್ಮ ಸ್ವಲ್ಪ ಕೆಂಪಾದರೆ ಸಾಕು. ಒಳಗೆ ಅಂಟಿಕೊಂಡಿದ್ದನ್ನು ಬಿಡಿಸುತ್ತೆ ಅಂತ ಹೇಳುವವರು ಜಾಸ್ತಿ, ಆದರೆ ಅದಕ್ಕೆ ಗಟ್ಟಿ ಪುರಾವೆ ಇಲ್ಲ. ಕೀಲು ಸ್ವಲ್ಪ ಹೊತ್ತು ಸಲೀಸಾಗಿ ಬಗ್ಗುತ್ತೆ ಅನ್ನೋದು ಮಾತ್ರ ನನ್ನ ಅನುಭವಕ್ಕೂ ಬಂದಿದೆ.

ಅದನ್ನು ನಾನು ಅಳೆದೂ ನೋಡಿದೆ. ಹಿಮ್ಮಡಿ ಎತ್ತದೆ ಮಂಡಿಯನ್ನು ಗೋಡೆಗೆ ತಾಗಿಸಬೇಕು. ಆಗ ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಇದೆ ನೋಡಬೇಕು. ನೆಲದ ಮೇಲೆ ಪೆನ್ಸಿಲ್‌ನಿಂದ ಗುರುತು ಹಾಕುತ್ತಾ ಬಂದೆ. ಮಸಾಜ್‌ಗೆ ಮುಂಚೆ 7 ಸೆಂ.ಮೀ., ಆದ ಕೂಡಲೇ 9. ಮರುದಿನ ಬೆಳಗ್ಗೆ ನೋಡಿದರೆ ಮತ್ತೆ 7! ಎರಡು ತಿಂಗಳು ಇದೇ ಕಥೆ. ದುಡ್ಡು ಸುಮ್ನೆ ಹೋಗ್ತಿದೆ ಅನಿಸಿತ್ತು.

ಆಮೇಲೆ ಫಿಸಿಯೋ ಮೆಟ್ಟಿಲ ಅಂಚಿನಲ್ಲಿ ನಿಂತು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿಳಿಸುವ ವ್ಯಾಯಾಮ ಕೊಟ್ಟರು. ಸ್ವೀಡನ್ನಿನ ವೈದ್ಯ ಆಲ್ಫ್ರೆಡ್ಸನ್ 1998ರಲ್ಲಿ ಪ್ರಕಟಿಸಿದ ಕ್ರಮ ಅದು. 15ರಂತೆ ಮೂರು ಸುತ್ತು, ಮಂಡಿ ನೆಟ್ಟಗಿಟ್ಟು ಒಮ್ಮೆ, ಬಗ್ಗಿಸಿ ಒಮ್ಮೆ. ದಿನಕ್ಕೆ ಎರಡು ಸಲ, 12 ವಾರ. ಅಂದರೆ ದಿನಕ್ಕೆ 180 ಸಲ. ಬೇಜಾರಿನ ಕೆಲಸ ನಿಜ. ಆದರೆ ಮಸಾಜ್ ಆದ ತಕ್ಷಣ, ಕಾಲು ಸಡಿಲ ಇರುವಾಗಲೇ ಮಾಡಿದರೆ ಹಿಮ್ಮಡಿ ಪೂರ್ತಿ ಕೆಳಗಿಳಿಯುತ್ತಿತ್ತು. ಆ ಮೂರು ತಿಂಗಳು ಮುಗಿದಾಗ ಗುರುತು 10ಕ್ಕೆ ಬಂತು, ಅಲ್ಲೇ ನಿಂತಿದೆ. ಬೆಳಗಿನ ಬಿಗಿತವೂ ಹೋಯಿತು. ನನ್ನ ಕಾಲನ್ನು ಉಳಿಸಿದ್ದು ಆ ಮೆಟ್ಟಿಲು. ಪಟ್ಟಿ ಅದಕ್ಕೆ ದಾರಿ ಮಾಡಿಕೊಟ್ಟಿತು.

ಈಗ ಮನೆಯಲ್ಲೇ ಒಂದು ಪಟ್ಟಿ ಇಟ್ಟುಕೊಂಡಿದ್ದೇನೆ. ಉದ್ದ ಓಟದ ಮರುದಿನ ಕೊಬ್ಬರಿ ಎಣ್ಣೆ ಹಚ್ಚಿ ಎರಡು ನಿಮಿಷ, ಅಷ್ಟೇ. ರಕ್ತ ತೆಳುವಾಗಿಸುವ ಮಾತ್ರೆ ತಗೊಳ್ಳುವವರು, ಕಾಲಿನಲ್ಲಿ ಉಬ್ಬಿದ ರಕ್ತನಾಳ ಇರುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಗಾಯದ ಮೇಲಂತೂ ಎಳೆಯಲೇಬಾರದು. ಕೊಳ್ಳುವಾಗ ಅಂಚನ್ನು ಬೆರಳಿನಿಂದ ಸವರಿ ನೋಡಿ. ಎಲ್ಲಾದರೂ ತರಚಿದ ಹಾಗನಿಸಿದರೆ ವಾಪಸ್ ಕೊಟ್ಟುಬಿಡಿ.