ಟೋಟಲ್ ಲಾಸ್ ಆದಮೇಲೆ ಕೊಂಡ ಕಾರು: ಎರಡು ವರ್ಷ, 31,000 ಕಿ.ಮೀ.

ಹಳೇ ಕಾರು ಹಾಳಾಗಿದ್ದು ನನ್ನ ತಪ್ಪಿನಿಂದಲೇ. ಹಿಂದಿನ ಟಯರ್ ಸವೆದಿದ್ದು ಗೊತ್ತಿತ್ತು. ಮುಂದಿನ ಸರ್ವೀಸಿಗೆ ನೋಡೋಣ ಅಂತ ತಳ್ಳುತ್ತಾ ಬಂದಿದ್ದೆ. ಜೋರು ಮಳೆ, ತಿರುವಿನಲ್ಲಿ ನೀರು ನಿಂತಿತ್ತು. ಹಿಂಭಾಗ ಜಾರಿ, ಕಾರು ಒಂದು ಸುತ್ತು ಹೊಡೆದು ಮೂತಿಯನ್ನು ಡಿವೈಡರಿಗೆ ಗುದ್ದಿತು. ಏರ್‌ಬ್ಯಾಗ್ ಬಿಚ್ಚಿದ ಕೂಡಲೇ ಒಳಗೆಲ್ಲ ಬಿಳಿ ಪುಡಿ. ಬೆಂಕಿ ಹತ್ತಿತು ಅಂದುಕೊಂಡು ಬಾಗಿಲು ತೆಗೆದು ಓಡಿದೆ. ಮೊಣಕೈ ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ.

ಇಂಜಿನ್ ಇನ್ನೂ ಸ್ಟಾರ್ಟ್ ಆಗುತ್ತಿತ್ತು. ಹಾಗಾಗಿ ಇನ್ಶೂರೆನ್ಸ್ ಸರ್ವೇಯರ್ "ಟೋಟಲ್ ಲಾಸ್", ಅಂದರೆ ರಿಪೇರಿ ಮಾಡಿಸಿ ಪ್ರಯೋಜನವಿಲ್ಲ, ಅಂದಾಗ ನಂಬಲಿಲ್ಲ. ಆಮೇಲೆ ಲೆಕ್ಕ ನೋಡಿದೆ. ಏರ್‌ಬ್ಯಾಗು, ಡ್ಯಾಶ್‌ಬೋರ್ಡು, ಬೆಲ್ಟು, ಸೆನ್ಸರು ಎಲ್ಲಾ ಹೊಸದೇ ಹಾಕಬೇಕು, ಜೊತೆಗೆ ಚಾಸಿಸ್ ಬಾಗಿದೆ. ಇಷ್ಟರಲ್ಲೇ ರಿಪೇರಿ ಖರ್ಚು ಇನ್ಶೂರೆನ್ಸಿನವರ ಮಿತಿ ದಾಟಿತ್ತು. ಕಾರಿಗೆ ನಾನು ಕೊಟ್ಟ ದುಡ್ಡು ವಾಪಸ್ ಬರುತ್ತದೆ ಅಂತ ಅಂದುಕೊಂಡಿದ್ದೆ, ನೋಡಿ. ಬಂದಿದ್ದು ಸವಕಳಿ ಕಳೆದು ಉಳಿದ ಬೆಲೆ. ಅದರಲ್ಲೂ ಮೊದಲ ಪಾಲು ಸಾಲದ ಬಾಕಿಗೆ ಹೋಯಿತು. ಕೈಗೆ ಉಳಿದಿದ್ದರಲ್ಲಿ ಹೊಸ ಕಾರು ಕನಸು. ಮೂರು ವರ್ಷ ಓಡಿದ ಸೆಕೆಂಡ್ ಹ್ಯಾಂಡ್ ಸೆಡಾನ್ ತಗೊಂಡೆ. ಕೆಳಗೆ ಬೈಗುಳವೂ ಇದೆ, ಅದಕ್ಕೇ ಕಾರಿನ ಹೆಸರು ಹಾಕುತ್ತಿಲ್ಲ.

ಹಳೇ ಕಾರಿನಿಂದ ಸಾಮಾನು ತೆಗೆಯಲು ಹೋದಾಗ ನೋಡಿದ್ದು ಇನ್ನೂ ಕಣ್ಣಿಗೆ ಕಟ್ಟಿದೆ. ಡ್ರೈವರ್ ಬೆಲ್ಟ್ ಒಳಗೆ ಸುತ್ತಿಕೊಳ್ಳದೆ, ನನ್ನ ಎದೆಯ ಅಳತೆಗೇ ನಿಂತು ಜೋತುಬಿದ್ದಿತ್ತು. ಗುದ್ದಿದ ಕ್ಷಣ ಬೆಲ್ಟನ್ನು ಬಿಗಿ ಎಳೆಯಲು ಒಳಗೊಂದು ಪುಟ್ಟ ಮದ್ದು ಸಿಡಿಯುತ್ತದೆ. ಅದು ಒಂದೇ ಸಲಕ್ಕೆ. ಆಮೇಲೆ ಆ ಬೆಲ್ಟ್ ಬಿಸಾಡುವುದೇ. ಏರ್‌ಬ್ಯಾಗ್ ಎಷ್ಟು ಅಂತ ಎಲ್ಲರೂ ಕೇಳುತ್ತಾರೆ, ಬೆಲ್ಟಿನ ಬಗ್ಗೆ ಯಾರೂ ಕೇಳಲ್ಲ. 1959ರಲ್ಲಿ ವೋಲ್ವೋದ ನಿಲ್ಸ್ ಬೋಲಿನ್ ಮಾಡಿದ ಈ ಮೂರು ಬಿಂದುವಿನ ಪಟ್ಟಿಯೇ ಮುಖ್ಯ, ಚೀಲ ಅದರ ಜೊತೆಗಾರ ಅಷ್ಟೇ.

ಕೊಳ್ಳುವಾಗ ನನ್ನ ಬದಲು ನನ್ನ ಹೆದರಿಕೆಯೇ ಕಾರು ಹುಡುಕಿತು. ಗುರುತಿನ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ಹೋಗಿದ್ದೆ. ಅವರ ಹತ್ತಿರ ಬಣ್ಣದ ದಪ್ಪ ಅಳೆಯುವ ಚಿಕ್ಕ ಮೀಟರ್ ಇತ್ತು. ಕಂಪನಿ ಬಣ್ಣ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ಆಸುಪಾಸು. ಒಂದು ಕಾರಿನಲ್ಲಿ ಬಾಗಿಲೆಲ್ಲ 110, 120 ಅಂತ ಬಂತು. ಹಿಂದಿನ ಚಕ್ರದ ಮೇಲೆ ಇಟ್ಟರೆ 700. "ಸರ್, ಇದು ಪುಟ್ಟಿ ತಿಂದಿದೆ," ಅಂದು ಮುಂದಕ್ಕೆ ನಡೆದರು. ಅಂದರೆ ಗುದ್ದಿದ ತಗ್ಗಿಗೆ ಪುಟ್ಟಿ ತುಂಬಿ ಮೇಲೆ ಬಣ್ಣ ಬಳಿದಿದ್ದಾರೆ ಅಂತ. ಇನ್ನೊಂದರಲ್ಲಿ ಇಗ್ನಿಷನ್ ಆನ್ ಮಾಡಿದಾಗ ಏರ್‌ಬ್ಯಾಗ್ ದೀಪವೇ ಹತ್ತಲಿಲ್ಲ. ಮಾರುವವರು "ನೋಡಿ, ಯಾವ ವಾರ್ನಿಂಗೂ ಇಲ್ಲ" ಅಂತ ಖುಷಿಯಾಗಿ ತೋರಿಸಿದರು. ಆ ದೀಪ ಮೊದಲು ಹತ್ತಬೇಕು, ಕೆಲವು ಸೆಕೆಂಡಿನಲ್ಲಿ ಆರಬೇಕು. ಹತ್ತಲೇ ಇಲ್ಲ ಅಂದರೆ ಯಾರೋ ಕೈಯಾಡಿಸಿದ್ದಾರೆ ಅಂತ ಅನುಮಾನ ಪಡಲೇಬೇಕು. ಸೀಟ್ ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಾದ ದಿನಾಂಕವೂ ಇರುತ್ತದೆ. ಕಾರಿಗಿಂತ ಬೆಲ್ಟ್ ಎರಡು ವರ್ಷ ಚಿಕ್ಕದಿದ್ದರೆ ಯಾಕೆ ಬದಲಾಯಿಸಿದರು ಅಂತ ಕೇಳಿ. ಹೀಗೆ ಏಳು ಕಾರು ಬಿಟ್ಟು ಎಂಟನೆಯದಕ್ಕೆ ಬಂದೆವು.

ಈಗ ಕಾರಿನ ಮಾತು. ಆರು ಏರ್‌ಬ್ಯಾಗ್ ಇದೆ ಅಂತಲೇ ಕೊಂಡಿದ್ದು. ಎರಡು ವರ್ಷದಲ್ಲಿ ಅವು ಇವೆ ಅನ್ನುವುದೇ ಮರೆತುಹೋಗಿದೆ, ಮರೆತೇ ಇರಲಿ. ದಿನಾ ಕೆಲಸಕ್ಕೆ ಬಂದಿದ್ದು ನಾನು ಲೆಕ್ಕಕ್ಕೇ ಇಟ್ಟಿರದ ಸೀಟು. ಎತ್ತರ ಹೊಂದಿಸಬಹುದು, ಸ್ಟೀರಿಂಗ್ ಹತ್ತಿರಕ್ಕೆ ಎಳೆದುಕೊಳ್ಳಬಹುದು. ಮೂರು ಗಂಟೆ ಓಡಿಸಿದರೂ ಸೊಂಟ ಸುಮ್ಮನಿರುತ್ತದೆ.

ಹಳೆಯದರಲ್ಲಿ ಸ್ಟೆಬಿಲಿಟಿ ಕಂಟ್ರೋಲ್ ಇರಲಿಲ್ಲ, ಇದರಲ್ಲಿದೆ. ಕಾರು ಜಾರಲು ಶುರುವಾದರೆ ಯಾವ ಚಕ್ರಕ್ಕೆ ಬೇಕೋ ಅದಕ್ಕೆ ಮಾತ್ರ ಬ್ರೇಕ್ ಹಾಕಿ ಸಾಲಿಗೆ ತರುತ್ತದೆ. ಕಳೆದ ಮಳೆಗಾಲದಲ್ಲಿ ಒಂದು ತಿರುವಿನಲ್ಲಿ ಹಳದಿ ದೀಪ ಎರಡು ಸಲ ಮಿಟುಕಿತು, ಕಾರು ಸಲೀಸಾಗಿ ತಿರುವು ದಾಟಿ ಹೋಯಿತು. ಅಷ್ಟೇ. ಪಕ್ಕದಲ್ಲಿದ್ದ ಹೆಂಡತಿಗೆ ಗೊತ್ತೂ ಆಗಲಿಲ್ಲ. ನನಗೆ ಮಾತ್ರ ಅಂಗೈ ಬೆವರಿತ್ತು. ಆದರೆ ಶ್ರೇಯಸ್ಸಿನಲ್ಲಿ ಅರ್ಧ ಹೊಸ ಟಯರಿಗೆ. ಟಯರೇ ಹಿಡಿಯದಿದ್ದರೆ ಎಲೆಕ್ಟ್ರಾನಿಕ್ಸ್ ಏನು ಮಾಡೀತು, ಅಲ್ವಾ?

ಗಟ್ಟಿಯಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಹಳೇ ಕಾರಿನಲ್ಲೂ ಇತ್ತು, ನನಗೆ ಬಳಸಲು ಬರುತ್ತಿರಲಿಲ್ಲ. ಪೆಡಲ್ ಕಾಲಡಿ ಗಡಗಡ ನಡುಗಿದರೆ ಏನೋ ಮುರಿಯಿತು ಅಂತ ಕಾಲು ಎತ್ತಿಬಿಡುತ್ತಿದ್ದೆ. ಈ ಕಾರಿನಲ್ಲಿ ಒಂದು ಖಾಲಿ ಮೈದಾನಕ್ಕೆ ಹೋಗಿ ಹತ್ತು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿ ಅಭ್ಯಾಸ ಮಾಡಿದೆ. ನಡುಗಲಿ, ಒತ್ತಿಹಿಡಿದೇ ಸ್ಟೀರಿಂಗ್ ತಿರುಗಿಸಬೇಕು, ಅದಕ್ಕೇ ಅದು ಇರುವುದು.

ಇನ್ನು ಬೈಗುಳ. ಮುಂದಿನ ಗಾಜಿನ ಪಕ್ಕದ ಪಿಲ್ಲರ್ ವಿಪರೀತ ದಪ್ಪ. ಕಾರು ಪಲ್ಟಿಯಾದರೆ ಛಾವಣಿ ಕುಸಿಯದಿರಲಿ ಅಂತ ಹಾಗೆ ಮಾಡುತ್ತಾರೆ, ಸರಿ. ಆದರೆ ಬಲಕ್ಕೆ ತಿರುಗುವಾಗ ಅದರ ಹಿಂದೆ ಒಂದು ಇಡೀ ಸೈಕಲ್ ಅಡಗುತ್ತದೆ. ಕೊಂಡ ಎರಡನೇ ತಿಂಗಳು ಹಾಗೇ ಆಯಿತು. ಖಾಲಿ ಅಂದುಕೊಂಡಿದ್ದ ರಸ್ತೆಯಲ್ಲಿ ಮೊದಲು ಹ್ಯಾಂಡಲ್ ಕಂಡಿತು, ಆಮೇಲೆ ಹುಡುಗ. ಈಗ ತಿರುಗುವ ಮುಂಚೆ ಕೋಳಿಯ ಹಾಗೆ ಕತ್ತು ಮುಂದೆ ಹಿಂದೆ ಮಾಡಿ ನೋಡುತ್ತೇನೆ. ಮಗಳು ನಗುತ್ತಾಳೆ. ಟೆಸ್ಟ್ ಡ್ರೈವ್‌ನಲ್ಲಿ ಇದನ್ನು ನೋಡಲೇ ಇಲ್ಲ, ನೇರ ರಸ್ತೆಯಲ್ಲಷ್ಟೇ ಓಡಿಸಿದ್ದೆ. ಪೆದ್ದತನ.

ಹೆಡ್‌ಲೈಟ್ ಕೂಡ ಸುಮಾರು. ಪ್ಲಾಸ್ಟಿಕ್ ಮಬ್ಬಾಗಿತ್ತು, ಪಾಲಿಶ್ ಮಾಡಿಸಿದ ಮೇಲೆ ಪರವಾಗಿಲ್ಲ. ಹಗಲು ಹೊತ್ತಲ್ಲೇ ಕಾರು ನೋಡಿದರೆ ಹೀಗೇ. ಲೇನ್ ತಪ್ಪಿದರೆ ಕೀಂ ಅನ್ನುವ ಅಲಾರಂ ಮೊದಲ ವಾರ ಧೈರ್ಯ ಕೊಟ್ಟಿತು, ಮೂರನೇ ವಾರ ಆಫ್ ಮಾಡಿದೆ. ಗೆರೆಯೇ ಅಳಿಸಿದ ರಸ್ತೆಯಲ್ಲಿ ಅದಕ್ಕೂ ಗೊಂದಲ, ನನಗೂ ಗೊಂದಲ. ಹಿಂದಿನ ಕ್ಯಾಮೆರಾ ಮಳೆಯಲ್ಲಿ ಕೆಸರು ಹಿಡಿದು ಕೂರುತ್ತದೆ. ಕ್ಲಚ್ ಒಂದು ಸಲ ಬದಲಾಯಿಸಿದೆ, ಬೇರೆ ದೊಡ್ಡ ಖರ್ಚು ಬರಲಿಲ್ಲ. ಮೈಲೇಜ್ ಲೀಟರಿಗೆ 15.

ಮತ್ತೆ ಇದೇ ಕಾರು ಕೊಳ್ಳುತ್ತೀಯಾ ಅಂದರೆ, ಕೊಳ್ಳುತ್ತೇನೆ. ಆದರೆ ಏರ್‌ಬ್ಯಾಗ್ ಎಣಿಸುವ ಮುಂಚೆ ರಾತ್ರಿ ಒಂದು ಸುತ್ತು, ತಿರುವಿನ ದಾರಿಯಲ್ಲಿ ಒಂದು ಸುತ್ತು ಓಡಿಸುತ್ತೇನೆ.

ಈ ವಾರ ಎರಡು ಹೊಸ ಟಯರ್ ಹಾಕಿಸುತ್ತಿದ್ದೇನೆ. ಅಂಗಡಿಯವರು ಮುಂದಕ್ಕೆ ಹಾಕೋಣ, ಮುಂದಿನವೇ ಜಾಸ್ತಿ ಸವೆಯೋದು ಅಂದರು. ಹಿಂಭಾಗ ಜಾರಿದರೆ ಹಿಡಿತಕ್ಕೆ ತರುವುದು ಕಷ್ಟ, ಹಾಗಾಗಿ ಹೊಸದು ಹಿಂದಕ್ಕೇ ಹೋಗಬೇಕು. ಮುಂದಿನವು ಹಿಂದಕ್ಕೆ ಹೋಗಲ್ಲ, ಹಿಂದಿನವೇ ಮುಂದಕ್ಕೆ ಬರಲಿ ಅಂದೆ. ಅವುಗಳ ಗೀರಿನ ಆಳ ಇನ್ನೂ 4 ಮಿ.ಮೀ. ಇದೆ. ನಾಣ್ಯ ತೂರಿಸಿ ಅಲ್ಲ, ಗೇಜ್ ಇಟ್ಟೇ ಅಳೆದಿದ್ದೇನೆ.